ಚಿಕ್ಕಮ್ಮನ ಹೂಂ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ‘ರೇಡಿಯೋದಲ್ಲಿದ್ದೇನೆ’ ಅನ್ನುತ್ತೇನೆ. ಕೇಳಿದವರ ಮುಖ ಅರಳುತ್ತದೆ. ‘ಅದಕ್ಕೇ ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆ’ ಅಂದವರೂ ಇದ್ದಾರೆ. ನನ್ನ ದನಿ ರೇಡಿಯೋದಲ್ಲಿ ಬಂದದ್ದು ಒಂದೇ ಸಲ, ಅದೂ ಕೆಮ್ಮಿನ ರೂಪದಲ್ಲಿ. ನನ್ನದು ಕತ್ತರಿ ಕೆಲಸ. ಬೇರೆಯವರು ಆಡಿದ ಮಾತನ್ನು ಕಂಪ್ಯೂಟರಿನ ಪರದೆಯ ಮೇಲೆ ಹರವಿಕೊಂಡು ಬೇಡದ್ದನ್ನು ಕತ್ತರಿಸಿ ತೆಗೆಯುವುದು: ಸೀನು, ಕುರ್ಚಿಯ ಕಿರಕಿರ, ಗಂಟಲು ಸರಿಮಾಡಿಕೊಂಡದ್ದು, ಹೇಳಬಾರದ್ದನ್ನು ಹೇಳಿ ಆಮೇಲೆ ‘ಇದನ್ನ ಹಾಕಬೇಡಿ’ ಅಂತ ಕೈಮುಗಿದದ್ದು. ದರ್ಜಿಯ ಕೈಯಲ್ಲೂ ಕತ್ತರಿ ಇರುತ್ತದೆ, ಆದರೆ ಅವನು ಕೊನೆಗೆ ಒಂದು ಅಂಗಿಯನ್ನಾದರೂ ಎತ್ತಿ ತೋರಿಸುತ್ತಾನೆ. ನಾನು ಏನನ್ನು ತೋರಿಸಲಿ? ‘ಇಲ್ಲಿ ಒಂದು ಸೀನು ಇತ್ತು, ಈಗ ಇಲ್ಲ, ನೋಡಿ’ ಅನ್ನಲೇ?

ಈ ಕೆಲಸ ಕೊಡಿಸಿದ್ದು ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಪ್ರತಿ ಬುಧವಾರ ಸಂಜೆ ನಮ್ಮ ರೇಡಿಯೋದಲ್ಲಿ ಅರ್ಧ ಗಂಟೆ ನಾಟಕದವರ ಜೊತೆ ಮಾತುಕತೆ ಬರುತ್ತದೆ. ನಾಟಕ ಬರೆದವರು, ಆಡಿಸಿದವರು, ಅದಕ್ಕೆ ಹಾಡು ಕಟ್ಟಿದವರು, ಅದನ್ನು ನೋಡಿ ಬೈದವರು, ಎಲ್ಲರೂ ಒಂದಲ್ಲ ಒಂದು ಬುಧವಾರ ಆ ಹಸಿರು ಬಟ್ಟೆ ಹೊದೆಸಿದ ದುಂಡು ಮೇಜಿನ ಮುಂದೆ ಬಂದು ಕೂತವರೇ. ಮೇಜಿನ ಈಚೆ ಕಡೆ ಚಿಕ್ಕಮ್ಮ. ಮನೆಯಲ್ಲಿ ಅವಳು ನನಗೆ ಚಿಕ್ಕಮ್ಮ, ಕಚೇರಿಯಲ್ಲಿ ಮೇಡಂ. ಎರಡೂ ಕಲಸಿಹೋಗಿ ನಾನೊಮ್ಮೆ ಎಲ್ಲರೆದುರು ‘ಚಿಕ್ಕಮೇಡಂ’ ಅಂದುಬಿಟ್ಟೆ. ಅದಿನ್ನೂ ಕ್ಯಾಂಟೀನಿನಲ್ಲಿ ಚಾಲ್ತಿಯಲ್ಲಿದೆ. ಆದರೆ ಅವಳ ಬೆನ್ನ ಹಿಂದೆ ಜನ ಕರೆಯುತ್ತಿದ್ದ ಹಳೆಯ ಹೆಸರು ಬೇರೆಯೇ: ಹೂಂ ಮೇಡಂ.

ಯಾಕೆಂದರೆ ಅವಳು ಹೂಂ ಅನ್ನುತ್ತಾಳೆ. ಹೂಂ ಅನ್ನದವರು ಯಾರಿದ್ದಾರೆ, ಸರಿ. ಆದರೆ ಇವಳದು ಹೊಟ್ಟೆಯಿಂದ ಎದ್ದು, ಮೂಗಿನೊಳಗೆ ಒಂದು ಸುತ್ತು ಹೊಡೆದು, ಎದುರಿಗೆ ಕೂತವರ ಮಡಿಲಿಗೆ ಹೋಗಿ ಬೀಳುವ ಹೂಂ. ಪಕ್ಕದ ಕೋಣೆಯಲ್ಲಿ ಸುದ್ದಿ ಓದುವವರಿಗೂ ಕೇಳಿಸುತ್ತದೆ.

ಅವಳಿಗೆ ನಾಟಕದ ಬಗ್ಗೆ ಬಹಳ ಗೊತ್ತಿದೆ ಅಂದುಕೊಳ್ಳಬೇಡಿ. ನಾಟಕಕ್ಕೆ ಹೋದರೆ ದೀಪ ಆರಿದ ಕೂಡಲೇ ನಿದ್ದೆ ಹೋಗುತ್ತಾಳೆ. ‘ಕತ್ತಲಾದ್ರೆ ಮುಚ್ಚಲಿ ಅಂತಲೇ ದೇವರು ರೆಪ್ಪೆ ಕೊಟ್ಟಿರೋದು ಕಣೋ’ ಅನ್ನುತ್ತಾಳೆ. ರೇಡಿಯೋಗೆ ಅವಳು ಸೇರಿದ್ದು ಹವಾಮಾನ ಓದುವುದಕ್ಕೆ. ಒಂದು ಬುಧವಾರ ಮಾತುಕತೆ ನಡೆಸುವವರು ಜ್ವರ ಬಂದು ಮಲಗಿದರು. ಮಳೆ ಗಾಳಿ ಓದಿ ಮುಗಿಸಿ ಹೊರಗೆ ಬರುತ್ತಿದ್ದ ಇವಳನ್ನೇ ಹಿಡಿದು ಕೂರಿಸಿದರು. ಏನು ಕೇಳಬೇಕೆಂದು ಗೊತ್ತಿಲ್ಲದೆ ಇವಳು ಅರ್ಧ ಗಂಟೆ ಹೂಂ ಅಂದಳು, ನಡುನಡುವೆ ‘ಆಮೇಲೆ?’ ಅಂದಳು. ಜ್ವರ ಬಿಟ್ಟು ವಾಪಸು ಬಂದವರಿಗೆ ಆ ಕುರ್ಚಿ ಮತ್ತೆ ಸಿಗಲಿಲ್ಲ. ಈಗ ಅವರು ಹವಾಮಾನ ಓದುತ್ತಾರೆ.

ಆ ಕುರ್ಚಿಯೆಂದರೆ ಚಿಕ್ಕಮ್ಮನಿಗೆ ಪ್ರಾಣ. ವಿನಯ ಗಿನಯ ಏನಿಲ್ಲ. ಬುಧವಾರ ಸಂಜೆ ತನ್ನ ಕಾರ್ಯಕ್ರಮ ಬರುವಾಗ ಮನೆಯಲ್ಲಿ ಯಾರೂ ತಟ್ಟೆ ತೊಳೆಯುವ ಹಾಗಿಲ್ಲ. ಚಿಕ್ಕಪ್ಪನದು ಕನ್ನಡಕದ ಅಂಗಡಿ, ಮಾತು ಕಡಿಮೆ. ಅಂದು ಮಾತ್ರ ಬೇಗ ಬಾಗಿಲು ಹಾಕಿಕೊಂಡು ಬಂದು, ಹೆಂಡತಿ ರೇಡಿಯೋದೊಳಗೆ ಹೂಂ ಅಂದದ್ದಕ್ಕೆಲ್ಲ ಇವರು ಹೊರಗಿನಿಂದ ತಲೆದೂಗಬೇಕು. ಉಳಿದ ದಿನ ಅವಳು ಮಾತಾಡುತ್ತಾಳೆ, ಇವರು ಹೂಂ ಅನ್ನುತ್ತಾರೆ.

ಆ ಹೂಂ ಏನು ಮಾಡುತ್ತದೆ ಅಂತ ನಾನು ಮೊದಲು ಗಮನಿಸಿದ್ದು ಒಬ್ಬ ನಾಟಕಕಾರರು ಬಂದಾಗ. ಅವರ ಹೊಸ ನಾಟಕದಲ್ಲಿ ರಂಗದ ನಡುವೆ ಒಂದು ಏಣಿ ಮೊದಲಿಂದ ಕೊನೆಯವರೆಗೂ ನಿಂತಿರುತ್ತದೆ, ಯಾರೂ ಹತ್ತುವುದಿಲ್ಲ. ಪತ್ರಿಕೆಗಳಲ್ಲೆಲ್ಲ ಆ ಏಣಿಯದೇ ಮಾತು.

‘ಏಣಿ ಒಂದು ರೂಪಕ,’ ಅಂದರು ನಾಟಕಕಾರರು.

‘ಹೂಂ,’ ಅಂದಳು ಚಿಕ್ಕಮ್ಮ.

‘ಮನುಷ್ಯನ ಆಕಾಂಕ್ಷೆ ಇದೆಯಲ್ಲ, ಅದು ಮೇಲಕ್ಕೆ ನೋಡ್ತಾನೇ...’

‘ಹೂಂ.’

‘...ನೋಡ್ತಾನೇ ಕೆಳಗೆ ಉಳಿಯುತ್ತೆ. ಆ ಅರ್ಥದಲ್ಲಿ ಏಣಿ ಅನ್ನೋದು...’

‘ಹೂಂ?’

ನಾಟಕಕಾರರು ಉಸಿರು ಎಳೆದುಕೊಂಡರು. ‘ನಿಜ ಹೇಳಬೇಕಂದ್ರೆ ಮೇಡಂ, ದೀಪ ಕಟ್ಟೋಕೆ ಬಂದವರು ಏಣಿ ಬಿಟ್ಟು ಹೋಗಿದ್ರು. ಕರೆದರೂ ಬರಲಿಲ್ಲ. ತಾಲೀಮಿನಲ್ಲಿ ಎಲ್ಲರೂ ಅದಕ್ಕೆ ಡಿಕ್ಕಿ ಹೊಡೀತಿದ್ರು. ನೋಡೋಣ ಅಂತ ಅದರ ಸುತ್ತಲೇ ಎರಡನೇ ಅಂಕ ಬರೆದೆ. ಬರೀತಾ ಬರೀತಾ ನನ್ನ ತಂದೆ ನೆನಪಾದ್ರು. ಅವರೂ ಹಾಗೇ, ನಮ್ಮ ಮನೆಯಲ್ಲಿ ಯಾರೋ ಬಿಟ್ಟು ಹೋದ ಸಾಮಾನಿನ ಹಾಗೆ ನಿಂತಿರ್ತಿದ್ರು.’

ರೂಪಕವನ್ನು ನಾನು ಕತ್ತರಿಸಿದೆ. ಅಪ್ಪನನ್ನು ಇಟ್ಟುಕೊಂಡೆ.

ಹೀಗೆ ಸುಖವಾಗಿ ನಡೆಯುತ್ತಿರುವಾಗ ಒಬ್ಬ ವಿಮರ್ಶಕರು ಬಂದರು. ಪತ್ರಿಕೆಯಲ್ಲಿ ಪ್ರತಿ ಭಾನುವಾರ ಅವರ ಅಂಕಣ. ಅವರು ಹೊಗಳಿದ ನಾಟಕ ಯಾವುದೆಂದು ಅವರನ್ನೇ ಕೇಳಿದರೂ ನೆನಪು ಮಾಡಿಕೊಳ್ಳಬೇಕು. ವಿಮರ್ಶೆ ಅಂದರೆ ರಂಗಭೂಮಿಯ ಆತ್ಮಸಾಕ್ಷಿ ಅಂತ ಶುರುಮಾಡಿದರು. ಹೂಂ ಅಂದಳು. ನಾಟಕವನ್ನು ಇಡಿಯಾಗಿ ಗ್ರಹಿಸಬೇಕು ಅಂದರು. ಹೂಂ ಅಂದಳು. ಇಡಿಯಾಗಿ ಅಂದರೆ ಅದರ ಆರಂಭ, ಬೆಳವಣಿಗೆ, ಅಂತ್ಯ ಅಂದರು. ‘ಹೂಂ?’ ಅಂದಳು.

‘ಅಂತ್ಯ ಅಂದ್ರೆ... ಈಗ ನೋಡಿ, ನಮ್ಮ ಕಡೆ ಹೋಗೋ ಕೊನೇ ಬಸ್ಸು ಬೇಗ ಹೊರಟುಬಿಡುತ್ತೆ. ಮೊದಮೊದಲು ಮಧ್ಯಂತರಕ್ಕೇ ಎದ್ದು ಬಂದುಬಿಡ್ತಿದ್ದೆ. ಉಳಿದದ್ದನ್ನ ಊಹೆ ಮಾಡಿ ಬರೀತಿದ್ದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬ ನಿರ್ದೇಶಕನಂತೂ ನಾನು ಬರೆದದ್ದು ಓದಿ ನಾಟಕದ ಕೊನೇನೇ ಬದಲಾಯಿಸಿಕೊಂಡ.’

ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಅವರಿಗೆ ಹೊಳೆದದ್ದು ಕಾರ್ಯಕ್ರಮ ಕೇಳಿದ ಮೇಲೆಯೇ. ‘ಇದನ್ನ ಹಾಕಬೇಡಿ’ ಅಂತ ಅವರು ಹೇಳಿರಲಿಲ್ಲ, ನಾನು ಹಾಕಿದ್ದೆ. ಮುಂದಿನ ಭಾನುವಾರ ಅಂಕಣ ಬಂತು. ಬಸ್ಸಿನ ಬಗ್ಗೆ ಒಂದಕ್ಷರ ಇಲ್ಲ. ‘ಅತಿಥಿಗಳ ಗಂಭೀರ ವಿಚಾರಗಳ ನಡುವೆ ನಿರೂಪಕಿಯ ಹೂಂಕಾರಗಳು ಕೇಳುಗರ ಕಿವಿಗೆ ಕಲ್ಲಿನಂತೆ ಬೀಳುತ್ತವೆ’ ಅಂತ ಇತ್ತು.

ಚಿಕ್ಕಮ್ಮ ಅದನ್ನು ಎರಡು ಸಲ ಓದಿದಳು. ‘ಹೂಂಕಾರ ಅಂತೆ. ನಾನೇನು ಗೂಳಿನಾ?’ ಅಂದಳು. ಚಿಕ್ಕಪ್ಪ ಅಭ್ಯಾಸಬಲದಿಂದ ಹೂಂ ಅಂದುಬಿಟ್ಟರು. ಅಂದು ಅವರಿಗೆ ಊಟ ತಡವಾಯಿತು.

ನಮ್ಮ ಮುಖ್ಯಸ್ಥರು ಆಗಷ್ಟೇ ಸುದ್ದಿ ವಿಭಾಗದಿಂದ ಬಂದಿದ್ದರು. ಕೆಟ್ಟವರಲ್ಲ. ಜೇಬಿನಲ್ಲಿ ಸದಾ ಒಂದು ದೊಡ್ಡ ಬಿಳಿ ಕರವಸ್ತ್ರ; ಕೂರುವ ಮುಂಚೆ ಕುರ್ಚಿ ಒರೆಸುತ್ತಾರೆ, ಕೂತ ಮೇಲೆ ಮೇಜು ಒರೆಸುತ್ತಾರೆ, ಮಾತಾಡುವಾಗ ಒರೆಸಿದ್ದನ್ನೇ ಒರೆಸುತ್ತಾರೆ. ನನ್ನ ಕೋಣೆ ಮೊದಲು ಉಗ್ರಾಣವಾಗಿತ್ತು. ಅದರ ಗೋಡೆಗೆ ಸದ್ದು ಹೀರಲು ಹಚ್ಚಿದ ಸ್ಪಂಜಿನ ಹೊದಿಕೆಯಲ್ಲಿ ಇರುವ ಧೂಳು ನೋಡಿ ಅವರು ನಿಂತೇ ಮಾತಾಡಿದರು.

‘ಮಾತು ಸ್ವಚ್ಛವಾಗಿರಬೇಕಪ್ಪ. ಆ ಹೂಂ ಎಲ್ಲ ತೆಗಿ.’

‘ಎಲ್ಲಾನಾ ಸರ್?’

‘ಕಸ ಗುಡಿಸೋವಾಗ ಅರ್ಧ ಬಿಡ್ತೀಯಾ? ಹಳೇ ಕಾರ್ಯಕ್ರಮಗಳನ್ನ ಮತ್ತೆ ಹಾಕ್ತೀವಲ್ಲ, ಅದರಲ್ಲೂ ತೆಗಿ.’

ಚಿಕ್ಕಮ್ಮನಿಗೆ ಹೇಗೆ ಹೇಳುವುದು ಅಂತ ಒದ್ದಾಡುತ್ತಾ ಅವರ ಮನೆಗೆ ಹೋದರೆ ಅವಳಿಗೆ ಮೊದಲೇ ಗೊತ್ತು. ‘ಹೊರಗಿನವರು ತೆಗೆಯೋದಕ್ಕಿಂತ ನೀನೇ ತೆಗಿ. ಆದ್ರೆ ನೋಡಿ ತೆಗಿ, ಬಂದ ಅತಿಥಿಗಳ ಮಾತಿನ ಚರ್ಮ ಸುಲೀಬೇಡ,’ ಅಂದಳು. ಅವಳ ಶಿಫಾರಸಿನಿಂದ ಸಿಕ್ಕ ಕೆಲಸ. ಅವಳ ದನಿ ಕತ್ತರಿಸುವುದೇ ಕೆಲಸ. ಸಾಕಿದ ಗಿಣಿ ಅಂದರೆ ನಾನೇ, ಹದ್ದಾಗಿ ಕುಕ್ಕಿದ್ದು ಮಾತ್ರ ಮೇಲಿನವರ ಅಪ್ಪಣೆಯಿಂದ.

ಮೊದಲು ಕತ್ತರಿಗೆ ಸಿಕ್ಕಿದ್ದು ಒಬ್ಬ ನಿರ್ದೇಶಕಿಯ ಮಾತುಕತೆ. ಸಂಗೀತ ನಾಟಕ ಆಡಿಸುವವರು. ಅವರ ನಾಯಕ ನಟನಿಗೆ ಹಾಡೋಕೆ ಬರುತ್ತಿರಲಿಲ್ಲವಂತೆ. ಬಿಡುವ ಹಾಗೂ ಇಲ್ಲ, ಪರದೆ ಹೊಲಿಸಿಕೊಟ್ಟವರ ಅಳಿಯ. ಅವನನ್ನು ಬಾಯಿ ಮುಚ್ಚಿ ಮುಂದೆ ನಿಲ್ಲಿಸಿ ಹಾಡನ್ನು ಹಿಂದಿನ ಮೇಳಕ್ಕೆ ಕೊಟ್ಟರು. ಜನ ಅದನ್ನು ‘ಅಂತರಂಗದ ದನಿ’ ಅಂತ ಕೊಂಡಾಡಿದರು. ಚೆಂದದ ಮಾತು. ನಾನು ಹೂಂಗಳನ್ನು ಒಂದೊಂದಾಗಿ ಕಿತ್ತು, ‘ಕಸ’ ಅಂತ ಹೆಸರಿಟ್ಟ ಫೈಲಿನಲ್ಲಿ ಹಾಕುತ್ತಾ ಹೋದೆ. ಕಿತ್ತ ಜಾಗವನ್ನು ಹಾಗೇ ಬಿಟ್ಟರೆ ನಿರ್ದೇಶಕಿ ಮಾತು ಮರೆತವರ ಹಾಗೆ ಕೇಳುತ್ತಿದ್ದರು. ಜಾಗ ಮುಚ್ಚಿದರೆ ನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ. ಅರ್ಧ ಬಿಟ್ಟು ಅರ್ಧ ಮುಚ್ಚಿದೆ.

ಬುಧವಾರ ಪ್ರಸಾರವಾಯಿತು. ಮುಗಿಯುವ ಮೊದಲೇ ಫೋನು. ‘ಮೇಡಂ ಸಿಟ್ಟು ಮಾಡಿಕೊಂಡು ಎದ್ದು ಹೋದ್ರಾ?’ ಅಂತ ಒಬ್ಬರು. ‘ಇದು ಭಾಷಣಾನಾ?’ ಅಂತ ಇನ್ನೊಬ್ಬರು. ಕೊನೆಗೆ ನಿರ್ದೇಶಕಿಯ ತಾಯಿಯೇ ಮಾಡಿದರು.

‘ನನ್ನ ಮಗಳು ಒಬ್ಬಳೇ ಕೂತು ಮಾತಾಡ್ತಾ ಇದ್ಲಲ್ಲಪ್ಪ, ಹುಷಾರಾಗಿದ್ದಾಳಾ?’

‘ಹುಷಾರಾಗಿದ್ದಾರಮ್ಮ. ಎದುರಿಗೆ ನಮ್ಮ ಮೇಡಂ ಇದ್ರು.’

‘ಇದ್ದೂ ಸುಮ್ಮನೆ ಕೂತಿದ್ರಾ? ನನ್ನ ಮಗಳು ಅಂಥದ್ದೇನು ಹೇಳಿದ್ಲು?’

ಇತ್ತ ನನಗೆ ಬೇರೊಂದು ಹುಚ್ಚು ಹತ್ತಿತು. ಹಳೆಯ ಕಾರ್ಯಕ್ರಮಗಳಿಂದಲೂ ಕಿತ್ತು ಕಿತ್ತು ‘ಕಸ’ದ ಫೈಲು ತುಂಬಿತ್ತಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಅದನ್ನೇ ಕೇಳುತ್ತಾ ಕೂತೆ. ಬರೀ ಹೂಂ ಹೂಂ ಹೂಂ. ಓದಿದವನು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಕೇಳಿದಷ್ಟೂ ಕುತೂಹಲ. ಎದುರಿಗೆ ಕೂತವರು ಯಾರು ಅಂತ ಹೂಂ ಒಂದರಿಂದಲೇ ಹೇಳಬಹುದಾಗಿತ್ತು. ನಾಟಕಕಾರರಿಗೆ ಚಿಕ್ಕ ಚಿಕ್ಕ ಹೂಂ, ಮಗುವಿನ ಕೈ ಹಿಡಿದು ಮೆಟ್ಟಿಲು ಹತ್ತಿಸುವ ಹಾಗೆ. ನಿರ್ದೇಶಕರಿಗೆ ತಡವಾದ ಹೂಂ. ಅಪ್ಪಣೆ ಕೊಟ್ಟು ಅಭ್ಯಾಸವಾದವರು, ಸ್ವಲ್ಪ ಕಾಯಲಿ ಅನ್ನುವಂಥದ್ದು. ವಿಮರ್ಶಕರಿಗೆ ಎರಡು ಒಣ ಹೂಂ ಆದ ಮೇಲೆ ಬಾಲ ಎತ್ತಿದ ಹೂಂ. ಬಾಲ ಎತ್ತಿದ್ದು ಅಂದರೆ ಕೊನೆಯಲ್ಲಿ ದನಿ ಮೇಲೆ ಹೋಗುವಂಥದ್ದು. ಅದರ ಹಿಂದೆ ಪ್ರತಿ ಸಲವೂ ಒಂದು ಸಣ್ಣ ಸದ್ದು ಅಂಟಿಕೊಂಡು ಬಂದಿತ್ತು. ಕಿವಿಗೊಟ್ಟು ಕೇಳಿದೆ. ಎದುರಿನವರು ಉಸಿರೆಳೆದುಕೊಂಡ ಸದ್ದು.

ಯಾವಾಗ ಬಾಲ ಎತ್ತಬೇಕು ಅಂತ ಅವಳಿಗೆ ಹೇಗೆ ಗೊತ್ತಾಗುತ್ತದೆ? ಕೇಳಿಯೇಬಿಟ್ಟೆ.

‘ಯಾವ ಬಾಲ?’ ಅಂದಳು ಚಿಕ್ಕಮ್ಮ.

ಕೋಣೆಗೆ ಕರೆದು ಫೈಲು ಹಾಕಿ ಕೇಳಿಸಿದೆ. ಅವಳ ಮುಖ ಇಳಿಯಿತು. ‘ಅಯ್ಯೋ, ಇದು ನಾನೇನಾ? ಕೊಟ್ಟಿಗೇಲಿ ಎಮ್ಮೆ ಕಟ್ಟಿದ ಹಾಗಿದೆಯಲ್ಲೋ. ಸಾಹೇಬರು ಹೇಳಿದ್ದೇ ಸರಿ ಬಿಡು.’ ನಾನು ಹೊಗಳೋಕೆ ಹೋಗಿ ಅವಳ ಕೈಕಾಲು ಕಟ್ಟಿಹಾಕಿದ್ದೆ. ನನ್ನ ಕುತೂಹಲದಿಂದ ಲೋಕಕ್ಕೆ ಇಂಥ ಉಪಕಾರಗಳು ಆಗುತ್ತಲೇ ಇರುತ್ತವೆ.

ಫೋನುಗಳ ಸುದ್ದಿ ಮುಖ್ಯಸ್ಥರಿಗೂ ಮುಟ್ಟಿತು. ಚಿಕ್ಕಮ್ಮನನ್ನೂ ನನ್ನನ್ನೂ ಕರೆಸಿದರು. ಮೇಜು ಒರೆಸುತ್ತಾ ಹೇಳಿದರು, ‘ಕತ್ತರಿಸಿದ್ರೆ ಗಾಯ ಕಾಣುತ್ತೆ, ಆಯ್ತು. ಹಾಗಾದ್ರೆ ಅನ್ನಲೇಬೇಡಿ ಮೇಡಂ. ಪ್ರಶ್ನೆ ಕೇಳಿ, ಸುಮ್ಮನಾಗಿ. ಮುಂದಿನ ಅತಿಥಿ ಬಂದಾಗ ನಾನೇ ರೆಕಾರ್ಡಿಂಗ್ ಕೋಣೆ ಗಾಜಿನ ಈಚೆ ಕೂತು ನೋಡ್ತೀನಿ. ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಸುದ್ದಿ ವಿಭಾಗದಲ್ಲಿ ಒಬ್ಬ ಇದ್ದಾನೆ. ಪ್ರಶ್ನೆ ಬರೆದುಕೊಟ್ರೆ ಬರೆದಷ್ಟೇ ಓದ್ತಾನೆ.’

‘ನಾನು?’ ಅಂದಳು ಚಿಕ್ಕಮ್ಮ.

‘ಹವಾಮಾನ ಇದ್ದೇ ಇದೆಯಲ್ಲ.’

ಮುಂದಿನ ಅತಿಥಿ ಯಾರು ಅನ್ನುವುದೇ ಇಲ್ಲಿಯ ಗ್ರಹಚಾರ. ಸಂಗೀತದ ಮೇಷ್ಟ್ರು ಅಂತ ಎಲ್ಲರೂ ಕರೆಯುವ ಹಿರಿಯರೊಬ್ಬರಿದ್ದರು. ಬಹಳ ಹಿಂದೆ ಒಂದು ಸಂಗೀತ ನಾಟಕಕ್ಕೆ ಹಾಡುಗಳನ್ನು ಕಟ್ಟಿದ್ದರು. ನಾಟಕ ಕೆಲವೇ ಪ್ರದರ್ಶನಕ್ಕೆ ಮಲಗಿತು. ಆ ನೋವಿನಲ್ಲಿ ಅವರು ಯಾರ ಜೊತೆಗೂ ನಾಟಕದ ಮಾತೇ ಆಡುವುದಿಲ್ಲ, ಮೌನವ್ರತ ಹಿಡಿದಿದ್ದಾರೆ ಅಂತ ಪ್ರತೀತಿ. ವಿಮರ್ಶಕರು ಆ ಮೌನದ ಬಗ್ಗೆ ಎಷ್ಟು ಬರೆದಿದ್ದರೆಂದರೆ ಹಾಡುಗಳ ಬಗ್ಗೆ ಬರೆಯಲು ಜಾಗವೇ ಉಳಿದಿರಲಿಲ್ಲ. ಅವರೊಮ್ಮೆ ತನ್ನ ಮೇಜಿನ ಮುಂದೆ ಕೂರಬೇಕು ಅನ್ನುವುದು ಚಿಕ್ಕಮ್ಮನ ಬಹುಕಾಲದ ಆಸೆ. ಮೌನವ್ರತದವರನ್ನು ಕೇಳುವುದು ಹೇಗೆ ಅಂತ ಹಿಂಜರಿದೇ ಕಾಲ ಕಳೆದಿದ್ದಳು.

ಇದಕ್ಕೆ ಹಿಂದಿನ ತಿಂಗಳಷ್ಟೇ ಮೇಷ್ಟ್ರು ಕನ್ನಡಕ ಬದಲಿಸಲು ಚಿಕ್ಕಪ್ಪನ ಅಂಗಡಿಗೆ ಬಂದರು. ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ಅಂದರು, ‘ಬರ್ತಾರಂತೆ.’

‘ಯಾರು?’

‘ಸಂಗೀತದ ಮೇಷ್ಟ್ರು. ನಿನ್ನ ರೇಡಿಯೋಗೆ.’

ಚಿಕ್ಕಮ್ಮನ ಕೈಯ ಸೌಟು ಕೆಳಗೆ ಬಿತ್ತು. ‘ನೀವು ಏನಂತ ಕೇಳಿದ್ರಿ?’

‘ಬರ್ತೀರಾ ಅಂತ.’

‘ಅವರು ಏನಂದ್ರು? ಮೌನವ್ರತ?’

‘ಯಾವ ವ್ರತಾನೂ ಇಲ್ಲವಂತೆ. ಇಷ್ಟು ವರ್ಷ ಯಾರೂ ಕೇಳಲಿಲ್ಲವಂತೆ.’ ಇಷ್ಟು ಉದ್ದ ಮಾತಾಡಿ ದಣಿದು ಚಿಕ್ಕಪ್ಪ ನೀರು ಕುಡಿದರು.

ಹೀಗೆ ಕಾದು ಕಾದು ಸಿಕ್ಕ ಮಾತುಕತೆಯೇ ಅವಳ ಪರೀಕ್ಷೆಯೂ ಆಯಿತು. ಮೇಷ್ಟ್ರ ಎದುರು ಬಾಯಿ ಬಿಗಿಹಿಡಿದು ಕೂರಬೇಕು, ಇಲ್ಲವೇ ಕುರ್ಚಿ ಬಿಡಬೇಕು.

ಮನೆಯಲ್ಲಿ ತಾಲೀಮು ಶುರುವಾಯಿತು. ನಾನು ಅತಿಥಿ. ನಾನು ಏನಾದರೂ ಹೇಳುವುದು, ಅವಳು ಬರೀ ತಲೆಯಾಡಿಸುವುದು. ನನ್ನ ಮಾತಿನಲ್ಲಿ ಸ್ವಾರಸ್ಯ ಇಲ್ಲದ್ದರಿಂದ ಸುಲಭವಾಗಬೇಕಿತ್ತು. ಎರಡು ವಾಕ್ಯಕ್ಕೇ ಹೂಂ ಬಂದುಬಿಟ್ಟಿತು.

‘ಇದು ಎಲ್ಲಿಂದ ಹತ್ತಿತು ಚಿಕ್ಕಮ್ಮ ನಿಂಗೆ?’

‘ನಿಮ್ಮಜ್ಜಿಯಿಂದ,’ ಅಂದಳು. ಅಜ್ಜಿ ಅಂಗಿ ಹೊಲಿಯುತ್ತಿದ್ದವಳು. ಯಂತ್ರ ಕಿಟಕಿಗೆ ಮುಖಮಾಡಿ ಇತ್ತು, ಬೆಳಕಿಗೆ. ಶಾಲೆ ಬಿಟ್ಟು ಬಂದ ಅಕ್ಕ ತಂಗಿಯರಿಬ್ಬರೂ ಅವಳ ಹಿಂದೆ ಕೂತು ಗುಂಡಿ ಹಚ್ಚಬೇಕು, ಅವಳು ಹೊಲಿಯುತ್ತಾ ಕಥೆ ಹೇಳಬೇಕು. ‘ಬೆನ್ನು ನಮ್ಮ ಕಡೆ, ಮುಖ ಕಿಟಕಿ ಕಡೆ. ತಲೆಯಾಡಿಸಿದ್ರೆ ಅಮ್ಮನಿಗೆ ಏನು ಕಾಣುತ್ತೆ? ಹೂಂ ಅನ್ನಬೇಕು. ಅದೂ ಯಂತ್ರದ ಸದ್ದಿಗಿಂತ ಜೋರಾಗಿ. ಹೂಂ ಇಲ್ಲ ಅಂದ್ರೆ ಕಥೇನೂ ಇಲ್ಲ. ನಿಮ್ಮಮ್ಮನೋ, ಸೂಜಿ ಹಿಡ್ಕೊಂಡೇ ತೂಕಡಿಸ್ತಿದ್ಲು. ಅವಳ ಪಾಲಿನ ಹೂಂನೂ ನಾನೇ ಅನ್ನಬೇಕಿತ್ತು.’

ಅಮ್ಮನಿಗೆ ಫೋನು ಮಾಡಿ ಕೇಳಿದೆ. ‘ಅವಳು ಹೂಂ ಅಂತ ಕಿರುಚೋದಕ್ಕೇ ನನಗೆ ಎಚ್ಚರ ಆಗ್ತಿತ್ತು,’ ಅಂದಳು.

ಆ ಕಾಲದ ಗುಂಡಿಗಳ ಡಬ್ಬಿ ಚಿಕ್ಕಮ್ಮನ ಹತ್ತಿರವೇ ಇತ್ತು. ಅದರಿಂದ ಒಂದು ದೊಡ್ಡ ಕೋಟಿನ ಗುಂಡಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು. ಅಜ್ಜಿ ಗುಂಡುಪಿನ್ನು ಕಚ್ಚಿಕೊಳ್ಳುತ್ತಿದ್ದ ಹಾಗೆ. ಗುಂಡಿ ಇದ್ದರೆ ಹೂಂ ಹೊರಡುತ್ತಿರಲಿಲ್ಲ. ಪ್ರಶ್ನೆ ಕೇಳುವಾಗ ಅದನ್ನು ಕೆನ್ನೆಗೆ ಸರಿಸುವುದು, ಕೇಳಿ ಮುಗಿಸಿ ತುಟಿಗೆ ತಂದು ಬೀಗ ಹಾಕುವುದು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೋಡಿದರು. ‘ನುಂಗೀಯಾ,’ ಅಂದರು. ಅವರ ಆತಂಕ ಅಷ್ಟೇ.

ಮೇಷ್ಟ್ರು ಬಂದ ದಿನ ನಾನು ಗಾಜಿನ ಈಚೆ ಧ್ವನಿ ಹಿಡಿಯಲು ಕೂತಿದ್ದೆ. ಪಕ್ಕದ ಕುರ್ಚಿಯನ್ನು ಒರೆಸಿ ಮುಖ್ಯಸ್ಥರು ಕೂತರು. ಆಚೆ ದುಂಡು ಮೇಜು, ಕೆಂಪು ದೀಪ. ಮೇಷ್ಟ್ರು ಎತ್ತರದ ಆಳು, ಕುರ್ಚಿಯಲ್ಲಿ ಮಡಿಸಿಟ್ಟ ಕೊಡೆಯ ಹಾಗೆ ಕೂತರು. ಚಿಕ್ಕಮ್ಮ ಹಾಡುಗಳು ಹೇಗೆ ಹುಟ್ಟಿದವು ಅಂತ ಕೇಳಿದಳು. ಕೇಳಿ ಗುಂಡಿ ಕಚ್ಚಿಕೊಂಡಳು. ಮೇಷ್ಟ್ರು ಚಿಕ್ಕಪ್ಪನ ಅಂಗಡಿಯ ಹೊಸ ಕನ್ನಡಕ ತೆಗೆದು, ಮಡಿಸಿ, ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡರು.

ಹಾಡಿನ ಬಗ್ಗೆ ಮಾತಾಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

‘ಆಗ ನಾವೆಲ್ಲ ಒಂದು ಗೋದಾಮಿನಲ್ಲಿ ತಾಲೀಮು ಮಾಡ್ತಿದ್ವಿ,’ ಅಂದರು. ಚಿಕ್ಕಮ್ಮ ತಲೆಯಾಡಿಸಿದಳು. ‘ಹಾರ್ಮೋನಿಯಂನ ಒಂದು ಮನೆ ಎಷ್ಟು ಒತ್ತಿದ್ರೂ ಕೂಗ್ತಿರಲಿಲ್ಲ.’ ಇನ್ನೂ ಜೋರಾಗಿ ತಲೆಯಾಡಿಸಿದಳು. ‘ಅದಕ್ಕೇ ಆ ಸ್ವರ ಬಿಟ್ಟು ಹಾಡು ಕಟ್ಟಿದೆ...’ ಮೇಷ್ಟ್ರ ಮಾತು ನಿಧಾನವಾಯಿತು. ‘ಕಟ್ಟಿದೆ...’ ನಿಂತಿತು. ಮುಚ್ಚಿದ ಕಣ್ಣಲ್ಲೇ ಕಿವಿ ಅತ್ತಿತ್ತ ತಿರುಗಿಸಿದರು.

‘ಯಾರಾದ್ರೂ ಇದೀರಾ ಇಲ್ಲಿ?’

ಕಣ್ಣು ಬಿಟ್ಟರು. ಎದುರಿಗೆ ಒಬ್ಬ ಹೆಂಗಸು ತುಟಿ ಬಿಗಿದುಕೊಂಡು ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದಾಳೆ.

‘ಕುತ್ತಿಗೆಗೆ ಏನಾಯ್ತಮ್ಮ?’

ಚಿಕ್ಕಮ್ಮ ಗುಂಡಿ ಕಚ್ಚಿಕೊಂಡೇ ಇನ್ನೊಮ್ಮೆ ತಲೆಯಾಡಿಸಿದಳು. ಮೇಷ್ಟ್ರು ಕನ್ನಡಕಕ್ಕೆ ಕೈ ಹಾಕಿದರು. ‘ಬೇಸರ ಇಲ್ಲ ತಾಯಿ. ನನಗೆ ಗೋಡೆ ಜೊತೆ ಮಾತಾಡಿ ಅಭ್ಯಾಸ ಇಲ್ಲ, ಅಷ್ಟೇ. ಮನೇಲಿ ಮುದುಕಿ ಕಾಯ್ತಿರ್ತಾಳೆ,’ ಅಂದು ಎದ್ದರು. ಕುರ್ಚಿ ಕಿರ್ ಅಂದಿತು.

ಚಿಕ್ಕಮ್ಮ ಗಾಜಿನತ್ತ ನೋಡಿದಳು. ನನ್ನನ್ನಲ್ಲ, ಮುಖ್ಯಸ್ಥರನ್ನು. ಆಮೇಲೆ ತುಟಿಯಿಂದ ಗುಂಡಿ ತೆಗೆದು ಮೇಜಿನ ಬಟ್ಟೆ ಇಲ್ಲದ ಅಂಚಿನ ಮೇಲೆ ಇಟ್ಟಳು. ಟಕ್.

‘ಇದೀನಿ ಮೇಷ್ಟ್ರೇ. ಕೂತ್ಕೊಳ್ಳಿ. ಒಂದು ಮನೆ ಕೂಗ್ತಿರಲಿಲ್ಲ. ಹೂಂ?’

ಮೇಷ್ಟ್ರು ಉಸಿರೆಳೆದುಕೊಂಡರು. ಕೂತರು. ಕನ್ನಡಕ ಮತ್ತೆ ಮೇಜಿಗೆ ಹೋಯಿತು.

ಮುಖ್ಯಸ್ಥರು ಕರವಸ್ತ್ರ ಮಡಿಸಿ ಜೇಬಿಗಿಟ್ಟರು. ‘ಮೇಡಂ ತಮ್ಮ ಕುರ್ಚಿ ತಾವೇ ಕಳ್ಕೊಂಡ್ರು, ನೀನೇ ನೋಡಿದೆಯಲ್ಲ. ನಾಳೆ ಬೆಳಿಗ್ಗೆ ಬಂದು ಕೇಳ್ತೀನಿ. ಮೇಷ್ಟ್ರ ಮಾತಷ್ಟೇ ಇಟ್ಕೊಳ್ಳೋಣ, ಪ್ರಶ್ನೆಗಳನ್ನ ಆ ಸುದ್ದಿ ವಿಭಾಗದವನ ದನಿಯಲ್ಲಿ ಸೇರಿಸಿದ್ರಾಯ್ತು,’ ಅಂದು ಹೊರಟುಹೋದರು. ಅವರು ಅಲ್ಲೇ ಕೂತಿದ್ದರೆ ಮುಂದಿನದನ್ನು ಕೇಳುತ್ತಿದ್ದರು.

ಯಾಕೆಂದರೆ ಆಮೇಲೆ ಮೇಷ್ಟ್ರು ಆ ನಾಟಕ ಮಲಗಿದ ಕಥೆ ಹೇಳಿದರು. ಕೊನೆಯ ದೃಶ್ಯದಲ್ಲಿ ನಾಯಕಿ ಒಬ್ಬಳೇ ಕಾಯುತ್ತಾ ಕೂತಿರುತ್ತಾಳೆ. ಬಾಗಿಲು ಅಲುಗುತ್ತದೆ. ಅವಳು ಒಂದು ಸಾಲು ಹಾಡಿ ನಿಲ್ಲಿಸಬೇಕು. ಬಹಳ ಹೊತ್ತು ಏನೂ ಇಲ್ಲ, ವಾದ್ಯವೂ ಇಲ್ಲ. ಆಮೇಲೆ ಕೊನೆಯ ಸಾಲು.

‘ನಿಂತ ಕೂಡ್ಲೇ ಜನ ಚಪ್ಪಾಳೆ ಹೊಡೆದುಬಿಡೋರು, ಹಾಡು ಮುಗೀತು ಅಂತ,’ ಅಂದರು ಮೇಷ್ಟ್ರು.

‘ಅಯ್ಯೋ!’

‘ಆ ಗದ್ದಲದಲ್ಲಿ ಹುಡುಗಿ ಕೊನೇ ಸಾಲು ಹಾಡ್ತಿದ್ಲು, ಯಾರಿಗೂ ಕೇಳ್ತಿರಲಿಲ್ಲ. ಪ್ರತಿ ಪ್ರದರ್ಶನದಲ್ಲೂ ಇದೇ. ನಿರ್ದೇಶಕ ಅಂದ, ನಡುವಿನ ಮೌನ ತೆಗೆದುಬಿಡಿ. ನಾನು ಅಂದೆ, ಮೌನ ತೆಗೆದ್ರೆ ಹಾಡೇ ಇಲ್ಲ. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಜಗಳದಲ್ಲೇ ನಾಟಕ ನಿಂತುಹೋಯ್ತು. ಪಾಪ, ಅವನದೂ ತಪ್ಪಿಲ್ಲ, ಟಿಕೆಟ್ಟು ಕೊಂಡವರಿಗೆ ಎಷ್ಟು ಅಂತ ಕಾಯಿಸೋದು.’

‘ಹೂಂ.’

‘ಅಲ್ಲಿಗೆ ಆ ಸಾಲು ಇವತ್ತಿನವರೆಗೂ ಯಾರೂ ಕೇಳಿಲ್ಲ.’

‘ಹೂಂ?’

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹಾಡಿದರು. ದನಿ ಒಡೆದಿತ್ತು, ಶ್ರುತಿ ಒಡೆದಿರಲಿಲ್ಲ. ‘ಬಂದವರಾರೆಂದು ಬಾಗಿಲು ಕೇಳಿತು...’

ನಿಲ್ಲಿಸಿದರು.

ರೇಡಿಯೋದಲ್ಲಿ ಮೌನ ಅಂದರೆ ಕರೆಂಟು ಹೋಗಿದೆ ಅಂತ ಅರ್ಥ. ನನ್ನ ಬೆರಳು ತಾನಾಗಿಯೇ ದನಿ ಏರಿಳಿಸುವ ಗುಂಡಿಗಳ ಮೇಲೆ ಓಡಿತು, ಯಾವ ತಂತಿ ಕಿತ್ತಿತೋ ಅಂತ. ಏನೂ ಕಿತ್ತಿರಲಿಲ್ಲ. ಗಾಜಿನಾಚೆ ಚಿಕ್ಕಮ್ಮನನ್ನು ನೋಡಿದೆ. ಅವಳ ಬಾಯಲ್ಲಿ ಗುಂಡಿ ಇರಲಿಲ್ಲ, ತಲೆಯೂ ಅಲುಗುತ್ತಿರಲಿಲ್ಲ. ಜೀವಮಾನವಿಡೀ ಹೂಂ ಅಂದವಳು ಏನನ್ನೂ ಅನ್ನದೆ, ಕಥೆಯ ನಡುವೆ ಯಂತ್ರ ನಿಲ್ಲಿಸಿ ಅಜ್ಜಿ ಇನ್ನೇನು ತಿರುಗಿ ನೋಡುತ್ತಾಳೆ ಅನ್ನುವ ಹಾಗೆ ಕೂತಿದ್ದಳು.

‘ಗಾಳಿಯೆಂದೆ ನಾನು,’ ಅಂತ ಹಾಡಿದರು ಮೇಷ್ಟ್ರು, ಬಹಳ ಮೆಲ್ಲಗೆ. ‘ಗಾಳಿಯೆಂದೆ.’

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಬೇಗ ಬಂದಿದ್ದಳು. ತನ್ನ ಕಪ್ಪು, ಶಾಲು, ಗಂಟಲಿಗೆ ಹಾಕಿಕೊಳ್ಳುವ ಪೆಪ್ಪರಮೆಂಟಿನ ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ‘ಹವಾಮಾನದ ಕೋಣೇಲಿ ಫ್ಯಾನು ಸರಿ ಇಲ್ಲ ಕಣೋ,’ ಅಂದಳು. ನಾನೂ ಫ್ಯಾನಿನ ಬಗ್ಗೆಯೇ ಮಾತಾಡಿದೆ.

ಮುಖ್ಯಸ್ಥರು ಬಂದರು. ಕುರ್ಚಿ ಒರೆಸಿದರು, ಕೂತರು, ಹೆಡ್‌ಫೋನು ಒರೆಸಿ ಕಿವಿಗೆ ಹಾಕಿಕೊಂಡರು. ‘ಎಲ್ಲೆಲ್ಲಿ ಕತ್ತರಿಸಬೇಕು ಅಂತ ನಾನೇ ಹೇಳ್ತಾ ಹೋಗ್ತೀನಿ. ಹಾಕು.’ ನಾನು ಇನ್ನೊಂದು ಹೆಡ್‌ಫೋನು ಹಾಕಿಕೊಂಡೆ. ಚಿಕ್ಕಮ್ಮನಿಗೆ ಏನೂ ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಓಡುವ ಗೆರೆಗಳನ್ನು ನೋಡುತ್ತಾ ಬಾಗಿಲಲ್ಲೇ ಇದ್ದಳು.

ಗೋದಾಮು. ಹಾರ್ಮೋನಿಯಂ. ‘ಯಾರಾದ್ರೂ ಇದೀರಾ?’ ಬಂದಾಗ ಮುಖ್ಯಸ್ಥರು ‘ಇಲ್ಲಿಂದ ತೆಗಿ’ ಅಂತ ಬೆರಳೆತ್ತಿದರು. ಟಕ್ ಬಂತು. ಎತ್ತಿದ ಬೆರಳು ಹಾಗೇ ಉಳಿಯಿತು. ಚಪ್ಪಾಳೆಯ ಕಥೆ ಬರುವ ಹೊತ್ತಿಗೆ ಬೆರಳು ಇಳಿದಿತ್ತು. ಕರವಸ್ತ್ರ ತೊಡೆಯ ಮೇಲೆ ಬಿದ್ದಿತ್ತು, ಯಾರೂ ಏನನ್ನೂ ಒರೆಸುತ್ತಿರಲಿಲ್ಲ.

‘ಬಂದವರಾರೆಂದು ಬಾಗಿಲು ಕೇಳಿತು...’

ಪರದೆಯ ಮೇಲೆ ಗೆರೆ ಚಪ್ಪಟೆಯಾಯಿತು. ಸ್ವಲ್ಪ ಹೊತ್ತು ಹಾಗೇ ಓಡಿತು. ಆಗ ನಮ್ಮ ಮುಖ್ಯಸ್ಥರು, ಕಿವಿ ತುಂಬ ಹೆಡ್‌ಫೋನು ಇಟ್ಟುಕೊಂಡವರು, ತಮಗೇ ಗೊತ್ತಿಲ್ಲದ ಹಾಗೆ, ಕೋಣೆಯ ಗೋಡೆಗೆ ತಾಗುವಷ್ಟು ಜೋರಾಗಿ ಅಂದರು:

‘ಹೂಂ!’

‘ಅಯ್ಯೋ ಸಾರ್, ಅಲ್ಲಲ್ಲ!’ ಬಾಗಿಲಿನಿಂದ ಚಿಕ್ಕಮ್ಮ ಕೂಗಿದಳು, ಚಪ್ಪಟೆ ಗೆರೆಯತ್ತ ಬೆರಳು ತೋರಿಸುತ್ತಾ. ‘ಅಲ್ಲಿ ಅನ್ನಬಾರದು, ಅಲ್ಲಿ ಸುಮ್ಮನಿರಬೇಕು!’

ಮುಖ್ಯಸ್ಥರು ಬೆಚ್ಚಿ ಹೆಡ್‌ಫೋನು ತೆಗೆದರು. ಅಷ್ಟರಲ್ಲಿ ಗಾಳಿಯ ಸಾಲು ಬಂದು ಹೋಗಿತ್ತು.

‘ಏನಂದ್ರು ಕೊನೆಗೆ?’ ಅಂತ ನನ್ನನ್ನು ಕೇಳಿದರು. ನಾನು ಚಿಕ್ಕಮ್ಮನನ್ನು ನೋಡಿದೆ. ಚಿಕ್ಕಮ್ಮ ಸ್ಪಂಜಿನ ಗೋಡೆಯನ್ನು ನೋಡಿದಳು.

ಅವರು ಕರವಸ್ತ್ರ ಎತ್ತಿಕೊಂಡು ಮುಖವನ್ನೇ ಒರೆಸಿಕೊಂಡರು. ಅವಳ ಕೈಯ ಚೀಲ ನೋಡಿದರು. ‘ಅದೇನು ಮೇಡಂ, ಊರಿಗೆ ಹೊರಟ ಹಾಗೆ? ಮುಂದಿನ ಬುಧವಾರಕ್ಕೆ ಯಾರನ್ನ ಕರೆದಿದ್ದೀರಿ?’

‘ಇನ್ನೂ ಯಾರನ್ನೂ ಕರೆದಿಲ್ಲ ಸಾರ್. ನಮ್ಮ ಮನೆಯವರನ್ನ ಕೇಳಬೇಕು, ಅಂಗಡಿಗೆ ಯಾರು ಬಂದಿದ್ರು ಅಂತ.’

‘ಕೇಳಿ,’ ಅಂದರು ಮುಖ್ಯಸ್ಥರು. ಆಮೇಲೆ ಹೆಡ್‌ಫೋನನ್ನು ಒರೆಸದೆಯೇ ಮತ್ತೆ ಕಿವಿಗೆ ಹಾಕಿಕೊಂಡು ನನ್ನತ್ತ ಬಾಗಿದರು.

‘ಇನ್ನೊಂದ್ಸಲ ಹಾಕಪ್ಪ. ಈ ಸಲ ಸುಮ್ಮನಿರ್ತೀನಿ.’